ಮೀಶೋ, ಮಿಂತ್ರಾ, ಜುಡಿಯೊ, ಟೈಲರ್: ಯಾವ ಬಟ್ಟೆಗೆ ಯಾವುದು ಸರಿ?

ಅದೇ ಮಾಡೆಲ್, ಅದೇ ಭಂಗಿ, ಅದೇ ಹಳದಿ ಕುರ್ತಿ. ಆ್ಯಪ್‌ನಲ್ಲಿ ಹುಡುಕಿದರೆ ಈ ಒಂದು ಫೋಟೊ ಆರೇಳು ಮಾರಾಟಗಾರರ ಹೆಸರಿನಲ್ಲಿ, ಒಬ್ಬರಿಗಿಂತ ಇನ್ನೊಬ್ಬರದು ಎರಡು ಪಟ್ಟು ಬೆಲೆಯಲ್ಲಿ ಕಾಣಿಸುವುದು ಮಾಮೂಲು. ಫೋಟೊ ಯಾರೋ ಒಬ್ಬರು ತೆಗೆಸಿದ್ದು. ಮಿಕ್ಕವರು ಅದನ್ನು ನೋಡಿ, ಹತ್ತಿರದ ಬಣ್ಣದ ಬಟ್ಟೆ ತಂದು, ತಮಗೆ ತೋಚಿದ ಅಳತೆಗೆ ಹೊಲಿಸಿದವರು. ಹಾಗಾಗಿ "ಯಾವ ಆ್ಯಪ್ ಒಳ್ಳೆಯದು" ಎಂದು ಕೇಳಿ ಪ್ರಯೋಜನವಿಲ್ಲ. ಈ ಬಟ್ಟೆಯ ಅಳತೆ ನಿಗದಿ ಮಾಡಿದವರು ಯಾರು, ಅದು ತಪ್ಪಿದರೆ ನಷ್ಟ ಯಾರ ತಲೆಗೆ ಎಂದು ಕೇಳಿ. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಎಲ್ಲಿ ಕೊಳ್ಳಬೇಕು ಎಂಬುದು ಹೆಚ್ಚು ಕಡಿಮೆ ತೀರ್ಮಾನವಾದಂತೆಯೇ.

## ಯಾರ ಹತ್ತಿರ ಏನು ಸಿಗುತ್ತದೆ

ಮೀಶೋ ಬಹುಮಟ್ಟಿಗೆ, ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್‌ನ ಅಗ್ಗದ ಬಟ್ಟೆ ವಿಭಾಗ ಸಾಕಷ್ಟು ಮಟ್ಟಿಗೆ, ಸಂತೆ ಇದ್ದ ಹಾಗೆ. ಜಾಗ ಒಬ್ಬರದು, ಸರಕು ಇನ್ನೊಬ್ಬರದು. ಸೂರತ್‌ನ ಪಾಲಿಯೆಸ್ಟರ್ ಸೀರೆ, ಜೈಪುರದ ಪ್ರಿಂಟೆಡ್ ಕಾಟನ್ ಕುರ್ತಿ, ತಿರುಪ್ಪೂರಿನ ಟೀ ಶರ್ಟ್ ಇಲ್ಲಿ ನಡುವಿನ ಅಂಗಡಿಯವರ ಲಾಭ ಇಲ್ಲದೆ ಬರುತ್ತವೆ, ಅದಕ್ಕೇ ಅಗ್ಗ. ಸೈಜ್ ಚಾರ್ಟ್ ಮಾತ್ರ ಪ್ರತಿ ಮಾರಾಟಗಾರರದೂ ಬೇರೆ, ಕೆಲವರದು ಬೇರೆಯವರಿಂದ ನಕಲು ಮಾಡಿದ್ದು. ಒಂದೇ ಮಾರಾಟಗಾರರಿಂದ ಕಳೆದ ಸಲ ತರಿಸಿದ ಎಕ್ಸ್‌ಎಲ್ ಸರಿಹೋಯಿತು ಎಂದರೂ ಈ ಸಲದ ಲಾಟ್ ಹಾಗೇ ಇರುತ್ತದೆಂಬ ಭರವಸೆ ಇಲ್ಲ.

ಮೀಶೋದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಅನೇಕ ವಸ್ತುಗಳಿಗೆ ಎರಡು ಬೆಲೆ ಇರುತ್ತದೆ. ಕಡಿಮೆ ಬೆಲೆಗೆ ತೆಗೆದುಕೊಂಡರೆ ತಪ್ಪು ವಸ್ತು ಅಥವಾ ದೋಷವಿರುವ ವಸ್ತು ಬಂದರೆ ಮಾತ್ರ ವಾಪಸ್. ಸ್ವಲ್ಪ ಹೆಚ್ಚು ಕೊಟ್ಟರೆ ಯಾವ ಕಾರಣಕ್ಕಾದರೂ ವಾಪಸ್. ಅಳತೆ ಮುಖ್ಯವಾದ ಬಟ್ಟೆಗೆ, ಅಂದರೆ ಕುರ್ತಿ, ಪ್ಯಾಂಟು, ಡ್ರೆಸ್‌ಗೆ, ಎರಡನೆಯದನ್ನೇ ಆರಿಸಿ. ದುಪಟ್ಟಾ, ಸೀರೆ, ಬೆಡ್‌ಶೀಟಿಗೆ ಮೊದಲನೆಯದು ಸಾಕು.

ಮಿಂತ್ರಾ, ಆಜಿಯೊ ಮಾರುವ ಸ್ವಂತ ಬ್ರ್ಯಾಂಡ್‌ಗಳದು ಬೇರೆ ಕಥೆ. ಮಿಂತ್ರಾದ ರೋಡ್‌ಸ್ಟರ್, ಅನೂಕ್, ಸಾಂಗ್ರಿಯಾ, ಆಜಿಯೊದಲ್ಲಿ ಸಿಗುವ ರಿಲಯನ್ಸ್‌ನ ಡಿಎನ್‌ಎಂಎಕ್ಸ್, ಅವಾಸಾ ಈ ಜಾತಿಯವು. ಹೊಲಿಯುವ ಫ್ಯಾಕ್ಟರಿ ಬದಲಾದರೂ ಅಳತೆಯ ಪಟ್ಟಿ ಬ್ರ್ಯಾಂಡಿನದೇ ಆಗಿರುವುದರಿಂದ ಒಂದು ಸಲ ನಿಮ್ಮ ಸೈಜ್ ಗೊತ್ತಾದರೆ ಮುಂದಿನ ಸಲ ಊಹೆ ಕಡಿಮೆ. ಆದರೆ ಸ್ಲಿಮ್, ರೆಗ್ಯುಲರ್, ರಿಲ್ಯಾಕ್ಸ್ಡ್ ಎಂಬ ಪದ ಬದಲಾದರೆ ಆ ಲೆಕ್ಕವೂ ಬದಲು. ಸ್ಲಿಮ್ ಎಂ ಸರಿಹೋದವರಿಗೆ ಓವರ್‌ಸೈಜ್ಡ್ ಎಂ ಗೋಣಿಚೀಲ. ಇದೇ ಆ್ಯಪ್‌ಗಳಲ್ಲಿ ಹೆಸರೇ ಕೇಳದ ಹೊರಗಿನ ಮಾರಾಟಗಾರರೂ ಇರುತ್ತಾರೆ. ವಸ್ತುವಿನ ಪುಟದಲ್ಲಿ ಮಾರಾಟಗಾರರ ಹೆಸರು ನೋಡದೆ "ಮಿಂತ್ರಾದ ಬಟ್ಟೆ" ಎಂದು ನಂಬಬೇಡಿ.

ಶೀಇನ್ ಬಗ್ಗೆ ಒಂದು ಮಾತು. 2020ರ ಜೂನ್‌ನಲ್ಲಿ ಭಾರತದಲ್ಲಿ ನಿಷೇಧವಾಗಿದ್ದ ಈ ಆ್ಯಪ್ 2025ರ ಫೆಬ್ರವರಿಯಲ್ಲಿ ರಿಲಯನ್ಸ್ ಮೂಲಕ ಮರಳಿತು. ಇಲ್ಲಿ ಮಾರುವುದು ಇಲ್ಲೇ ತಯಾರಾಗುವ ಬಟ್ಟೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಅಕ್ಕ "ನನಗೆ ಅದರಲ್ಲಿ ಎಲ್ ಸರಿಯಾಗುತ್ತೆ ಕಣೇ" ಅಂದರೆ ಆ ಮಾತು ಇಲ್ಲಿನ ಪಾರ್ಸೆಲ್‌ಗೆ ಅನ್ವಯಿಸುವುದಿಲ್ಲ.

ಇನ್‌ಸ್ಟಾಗ್ರಾಮ್ ಬೂಟಿಕ್‌ಗಳು ಎಲ್ಲಕ್ಕಿಂತ ಹೆಚ್ಚು ಅಪಾಯದ ಜಾಗ. ಮುಂಗಡ ಯುಪಿಐ, "ನೋ ರಿಟರ್ನ್, ನೋ ಎಕ್ಸ್‌ಚೇಂಜ್", ತಕರಾರು ಇದ್ದರೆ ಕತ್ತರಿಸದ ಅನ್‌ಬಾಕ್ಸಿಂಗ್ ವಿಡಿಯೊ ಬೇಕೆಂಬ ಷರತ್ತು. ಇವರಲ್ಲಿ ಒಳ್ಳೆಯವರಿಲ್ಲ ಎಂದಲ್ಲ. ಕೈಮಗ್ಗದ ಸೀರೆ, ಬ್ಲಾಕ್ ಪ್ರಿಂಟ್ ಬಟ್ಟೆಗೆ ಕೆಲವು ಪುಟಗಳು ದೊಡ್ಡ ಆ್ಯಪ್‌ಗಳಿಗಿಂತ ಎಷ್ಟೋ ಮೇಲು. ಆದರೆ ಹೊಲಿದ ಬಟ್ಟೆಯನ್ನು ಇವರಿಂದ ಕೊಳ್ಳುವ ಮುನ್ನ ಎದೆ, ಭುಜ, ಉದ್ದದ ಮೇಲೆ ಟೇಪ್ ಇಟ್ಟು ತೆಗೆದ ಫೋಟೊ ಕೇಳಿ. ಕೊಡುವವರು ಕೊಡುತ್ತಾರೆ. ಕೊಡದವರಿಂದ ಕೊಳ್ಳಬೇಡಿ.

ಮಳಿಗೆಗಳಿಗೆ ಬಂದರೆ, ಟಾಟಾದ ಟ್ರೆಂಟ್ ಕಂಪನಿಯ ಜುಡಿಯೊ ಆನ್‌ಲೈನ್‌ನಲ್ಲಿ ಮಾರುವುದೇ ಇಲ್ಲ. ಮ್ಯಾಕ್ಸ್, ಟ್ರೆಂಡ್ಸ್ ಎರಡೂ ಕಡೆ ಇವೆ. ಬೆಲೆ ಅಷ್ಟೇ ಇದ್ದರೆ ಬಟ್ಟೆಯ ಗುಣ ಆ್ಯಪ್‌ಗಳ ಸ್ವಂತ ಬ್ರ್ಯಾಂಡಿಗಿಂತ ಬಹಳ ಭಿನ್ನವೇನಲ್ಲ. ಗೆಲ್ಲುವುದು ಟ್ರಯಲ್ ರೂಮಿನಿಂದ. ಹೊಸದೊಂದು ಬ್ರ್ಯಾಂಡ್ ಶುರುಮಾಡುವಾಗ ಮಳಿಗೆಯಲ್ಲಿ ಹಾಕಿ ನೋಡಿ, ಸೈಜ್ ಮತ್ತು ಫಿಟ್ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಂಡು, ಆಮೇಲೆ ಅದೇ ಬ್ರ್ಯಾಂಡನ್ನು ಆನ್‌ಲೈನ್‌ನಲ್ಲಿ ತರಿಸುವುದು ಜಾಣತನ.

ಬೆಂಗಳೂರಿನವರಿಗೆ ಇನ್ನೊಂದು ದಾರಿ ಎಕ್ಸ್‌ಪೋರ್ಟ್ ಸರ್ಪ್ಲಸ್. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳು ಆರ್ಡರಿಗಿಂತ ಸ್ವಲ್ಪ ಹೆಚ್ಚು ಕತ್ತರಿಸುತ್ತವೆ. ಉಳಿದದ್ದು, ತಿರಸ್ಕಾರವಾದದ್ದು, ರದ್ದಾದ ಆರ್ಡರಿನದ್ದು ಅಂಗಡಿಗಳಿಗೆ ಬರುತ್ತದೆ. ಅದೇ ದುಡ್ಡಿಗೆ ಆನ್‌ಲೈನ್‌ನಲ್ಲಿ ಸಿಗದಂಥ ಬಟ್ಟೆ, ಹೊಲಿಗೆ ಇಲ್ಲಿ ಸಿಗುತ್ತದೆ. ಆದರೆ ಅಳತೆ ಅಮೆರಿಕ, ಯುರೋಪಿನ ಮೈಕಟ್ಟಿನದು: ತೋಳು ಉದ್ದ, ಭುಜ ಅಗಲ. ವಾಪಸ್ ಇಲ್ಲ. ಬೆಳಕಿಗೆ ಹಿಡಿದು ನೋಡಬೇಕಾದ್ದು ಎಣ್ಣೆ ಕಲೆ, ಬಿಟ್ಟುಹೋದ ಹೊಲಿಗೆ, ತೋಳಿಗೂ ಮೈಗೂ ಬಣ್ಣದಲ್ಲಿ ಛಾಯೆಯ ವ್ಯತ್ಯಾಸ, ಕೆಟ್ಟ ಜಿಪ್. ನಿಜವಾದ ಸರ್ಪ್ಲಸ್‌ನಲ್ಲಿ ಬ್ರ್ಯಾಂಡ್ ಲೇಬಲ್ ಅರ್ಧ ಕತ್ತರಿಸಿರುವುದು ಅಥವಾ ಗೀಚಿರುವುದು ಸಾಮಾನ್ಯ. ಲೇಬಲ್ ಥಳಥಳ ಹೊಳೆಯುತ್ತ ಫುಟ್‌ಪಾತ್‌ನಲ್ಲಿ ಸಿಕ್ಕರೆ ಅದು ಸರ್ಪ್ಲಸ್ ಅಲ್ಲ, ನಕಲು.

ಕೊನೆಯದು ಟೈಲರ್. ಇದರ ಬಗ್ಗೆ ಮುಂದೆ ಬರುತ್ತದೆ.

## ಎಲ್ ಎಂದರೆ ಎಷ್ಟು ಇಂಚು?

ಎಲ್ಲರೂ ಒಪ್ಪಿ ಬಳಸುವ ಭಾರತೀಯ ಸೈಜ್ ಚಾರ್ಟ್ ಎಂಬುದಿಲ್ಲ. ಬ್ರ್ಯಾಂಡ್‌ಗಳು ಬ್ರಿಟನ್, ಅಮೆರಿಕದ ಅಳತೆಗಳನ್ನು ತಂದು ತಮಗೆ ಬೇಕಾದಂತೆ ತಿದ್ದಿಕೊಂಡವು. ಈ ಕೊರತೆ ತುಂಬಲೆಂದೇ ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ತ್ರೀಡಿ ಸ್ಕ್ಯಾನರ್‌ಗಳಿಂದ ಭಾರತೀಯರ ಮೈ ಅಳತೆ ತೆಗೆಯುವ "ಇಂಡಿಯಾ ಸೈಜ್" ಯೋಜನೆ ಕೈಗೊಂಡಿತು. ಸದ್ಯಕ್ಕೆ ನಮ್ಮ ಕೈಲಿರುವುದು ಟೇಪ್ ಒಂದೇ.

ಚಾರ್ಟ್ ಓದುವಾಗ ಜನ ಎಡವುವುದು ಮುಖ್ಯವಾಗಿ ಒಂದೇ ಕಡೆ. ಕೆಲವು ಚಾರ್ಟ್ ಬಟ್ಟೆಯ ಅಳತೆ ಹೇಳುತ್ತವೆ, ಕೆಲವು ಮೈಯ ಅಳತೆ ಹೇಳುತ್ತವೆ. ಅಗ್ಗದ ಕುರ್ತಿಗಳಲ್ಲಿ ಸಾಮಾನ್ಯ ಕ್ರಮ ಎಸ್ 36, ಎಂ 38, ಎಲ್ 40, ಎಕ್ಸ್‌ಎಲ್ 42, ಡಬಲ್ ಎಕ್ಸ್‌ಎಲ್ 44. ಈ 40 ಅಂದರೆ ಹೊಲಿದ ಕುರ್ತಿಯ ಎದೆ ಸುತ್ತಳತೆ 40 ಇಂಚೋ, 40 ಇಂಚು ಎದೆಯವರಿಗೆ ಸರಿಯಾಗುವ ಕುರ್ತಿಯೋ? ಮೊದಲನೆಯದಾದರೆ 40 ಇಂಚು ಎದೆಯವರು ಅದರೊಳಗೆ ಉಸಿರಾಡಲಾರರು. ಹಿಗ್ಗದ ನೇಯ್ದ ಬಟ್ಟೆಯ ಕುರ್ತಿಗೆ ಮೈ ಅಳತೆಗಿಂತ 2ರಿಂದ 3 ಇಂಚು ಸಡಿಲ ಬೇಕು, ಪುರುಷರ ಷರ್ಟಿಗೆ 4ರಿಂದ 5. ಹೆಣೆದ ಟೀ ಶರ್ಟ್‌ಗೆ 2ರಿಂದ 4 ಇದ್ದರೆ ಆರಾಮ. ಮೈಗಂಟುವ ಲೈಕ್ರಾ ಟಾಪ್‌ಗೆ ಸಡಿಲವೇ ಬೇಡ. ಅಂದರೆ ಎದೆ 38 ಇದ್ದವರು ಬಟ್ಟೆಯ ಅಳತೆ ತೋರಿಸುವ ಚಾರ್ಟಿನಲ್ಲಿ 40 ಅಥವಾ 41 ಹುಡುಕಬೇಕು, ಮೈ ಅಳತೆ ತೋರಿಸುವ ಚಾರ್ಟಿನಲ್ಲಿ 38 ಹುಡುಕಬೇಕು. ಚಾರ್ಟಿನಲ್ಲಿ ಯಾವುದೆಂದು ಬರೆದಿರದಿದ್ದರೆ ಅದನ್ನು ಬಟ್ಟೆಯ ಅಳತೆ ಎಂದೇ ಎಣಿಸಿ. ದೊಡ್ಡದು ಬಂದರೆ ಟೈಟ್ ಮಾಡಿಸಬಹುದು, ಚಿಕ್ಕದು ಬಂದರೆ ಗತಿಯಿಲ್ಲ.

ಪುರುಷರ ಷರ್ಟಿನಲ್ಲಿ ಎಡವುವ ಇನ್ನೊಂದು ಜಾಗ ಇದೆ. ಫಾರ್ಮಲ್ ಷರ್ಟಿನ 38, 39, 40, 42 ಎಂಬ ಸಂಖ್ಯೆ ಕಾಲರಿನ ಸುತ್ತಳತೆ, ಅದೂ ಸೆಂಟಿಮೀಟರಿನಲ್ಲಿ. 40 ಎಂದರೆ ಕುತ್ತಿಗೆ ಸುಮಾರು 15¾ ಇಂಚು. ಕ್ಯಾಷುಯಲ್ ಷರ್ಟಿನಲ್ಲಿ ಅದೇ 40 ಎದೆಯ ಇಂಚು ಆಗಿರಬಹುದು. ಜೀನ್ಸ್‌ನಲ್ಲಿ 32 ಎಂದು ಬರೆದದ್ದನ್ನು ಅಳೆದರೆ 33, 34 ಬರುವುದು ಸಾಮಾನ್ಯ. ಕೊಳ್ಳುವವರಿಗೆ ತಾವು ತೆಳ್ಳಗಿದ್ದೇವೆ ಅನ್ನಿಸಲಿ ಎಂದು ಕಂಪನಿಗಳೇ ಮಾಡುವ ಉಪಾಯ ಇದು. ಮಕ್ಕಳ ಬಟ್ಟೆಯಲ್ಲಿ ವಯಸ್ಸು ಮರೆತುಬಿಡಿ, ಎತ್ತರದ ಸೆಂಟಿಮೀಟರ್ ಕೊಟ್ಟಿರುವ ಚಾರ್ಟ್ ಮಾತ್ರ ನಂಬಿ.

ಒಂದೇ ಸೈಜಿನ ಎರಡು ಬಟ್ಟೆ ಬೇರೆ ಬೇರೆ ಬರುವುದೇಕೆ? ಫ್ಯಾಕ್ಟರಿಯಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಹತ್ತಾರು ಪದರಗಳನ್ನು ಒಟ್ಟಿಗೆ ಮೆಷಿನ್ ಬ್ಲೇಡಿನಿಂದ ಕತ್ತರಿಸುತ್ತಾರೆ. ರಾಶಿ ಎತ್ತರವಾದಷ್ಟೂ ಬ್ಲೇಡ್ ವಾಲುತ್ತದೆ. ಮೇಲಿನ ಪದರಕ್ಕೂ ತಳದ ಪದರಕ್ಕೂ ಅಳತೆಯಲ್ಲಿ ವ್ಯತ್ಯಾಸ ಬೀಳುತ್ತದೆ. ಅದರ ಮೇಲೆ ಹೊಲಿಯುವವರ ಕೈಯಲ್ಲಿ ಎರಡೂ ಪಕ್ಕ ಕಾಲು ಕಾಲು ಇಂಚು ಹೆಚ್ಚು ಹೋದರೆ ಸುತ್ತಳತೆಯಲ್ಲಿ ಒಂದು ಇಂಚು ಮಾಯ. ಒಳ್ಳೆಯ ಬ್ರ್ಯಾಂಡ್‌ಗಳೂ ಅರ್ಧದಿಂದ ಒಂದು ಇಂಚು ವ್ಯತ್ಯಾಸವನ್ನು ಒಪ್ಪುತ್ತವೆ. ಅಗ್ಗದ ಲಾಟ್‌ಗಳಲ್ಲಿ ಅಳೆದು ನೋಡುವವರೇ ಇರುವುದಿಲ್ಲ. ಆದ್ದರಿಂದ ಎರಡು ಸೈಜಿನ ನಡುವೆ ನಿಲ್ಲುವವರು ಸದಾ ಮೇಲಿನದನ್ನೇ ಆರಿಸಿ.

## ಮೈ ಅಳೆಯಬೇಡಿ, ನಿಮ್ಮ ಬಟ್ಟೆ ಅಳೆಯಿರಿ

ಕಪಾಟಿನಲ್ಲಿ ಚೆನ್ನಾಗಿ ಕೂರುವ ಒಂದು ಕುರ್ತಿ, ಒಂದು ಟೀ ಶರ್ಟ್, ಒಂದು ಪ್ಯಾಂಟ್ ಇದ್ದೇ ಇರುತ್ತದೆ. ಅದನ್ನು ನೆಲದ ಮೇಲೋ ಮೇಜಿನ ಮೇಲೋ ಸುಕ್ಕಿಲ್ಲದೆ ಹಾಸಿ. ಎಳೆಯಬೇಡಿ. ಕಂಕುಳಿನ ಹೊಲಿಗೆಯ ಒಂದು ಇಂಚು ಕೆಳಗೆ ಈ ಪಕ್ಕದಿಂದ ಆ ಪಕ್ಕಕ್ಕೆ ಅಳೆದು ಎರಡರಿಂದ ಗುಣಿಸಿದರೆ ಎದೆ. 20½ ಬಂದರೆ 41. ಭುಜವನ್ನು ಹಿಂಬದಿಯಲ್ಲಿ ತೋಳಿನ ಹೊಲಿಗೆಯಿಂದ ತೋಳಿನ ಹೊಲಿಗೆಗೆ ಅಳೆಯಿರಿ. ಉದ್ದ ಕುತ್ತಿಗೆ ಪಕ್ಕದ ಭುಜದ ತುದಿಯಿಂದ. ಕುರ್ತಿಯಲ್ಲಿ ಪಕ್ಕದ ಕಟ್ ಶುರುವಾಗುವ ಜಾಗದ ಅಗಲವನ್ನು ಬಿಡದೆ ಬರೆದುಕೊಳ್ಳಿ. ಎದೆ ಸರಿಯಿದ್ದೂ ಕೂತಾಗ ಕಟ್ ಹತ್ತಿರ ಹೊಲಿಗೆ ಬಿಚ್ಚುವುದು ಅಲ್ಲೇ. ಪ್ಯಾಂಟಿಗೆ ಸೊಂಟ, ಸೀಟು, ತೊಡೆ, ಮತ್ತು ಮುಂಭಾಗದಲ್ಲಿ ಕಾಲುಗಳು ಸೇರುವ ಹೊಲಿಗೆಯಿಂದ ಸೊಂಟಪಟ್ಟಿಯವರೆಗಿನ ಎತ್ತರ. ಈ ಕೊನೆಯದು ಗೊತ್ತಿಲ್ಲದೆ ಜೀನ್ಸ್ ತರಿಸಿದವರ ಸೊಂಟ ಸರಿಯಾಗಿದ್ದರೂ ಕೂತರೆ ಪ್ಯಾಂಟು ಹಿಂದೆ ಜಾರುತ್ತದೆ.

ಯಾವ ಅಳತೆಗೆ ಹೆಚ್ಚು ಬೆಲೆ ಕೊಡಬೇಕೆಂದರೆ ಭುಜಕ್ಕೆ. ಪಕ್ಕ ಟೈಟ್ ಮಾಡುವುದು, ಉದ್ದ ಕಡಿಮೆ ಮಾಡುವುದು ಬೀದಿ ಕೊನೆಯ ಆಲ್ಟರೇಶನ್ ಅಂಗಡಿಯ ಹತ್ತು ನಿಮಿಷದ ಕೆಲಸ. ಭುಜ ಸರಿಮಾಡಬೇಕೆಂದರೆ ತೋಳು ಬಿಚ್ಚಬೇಕು, ಕಂಕುಳಿನ ಸುತ್ತು ಮತ್ತೆ ಕತ್ತರಿಸಬೇಕು. ಅಗ್ಗದ ಬಟ್ಟೆಗೆ ಆ ಖರ್ಚು ಹೊರೆ. ಭುಜ ಸರಿಯಾಗುವ ಸೈಜ್ ಆರಿಸಿ, ಮಿಕ್ಕದ್ದನ್ನು ಟೈಲರ್‌ಗೆ ಬಿಡಿ. ತೋಳಿಲ್ಲದ ಕುರ್ತಿ ಎಂದು ಬೇಸರ ಮಾಡಿಕೊಳ್ಳುವ ಮುನ್ನ ಒಳಗಡೆ ನೋಡಿ, ಎಷ್ಟೋ ಕುರ್ತಿಗಳಲ್ಲಿ ತೋಳಿನ ಬಟ್ಟೆಯನ್ನು ಒಳಬದಿಗೆ ಟಾಕಿ ಹಾಕಿರುತ್ತಾರೆ.

## ಬಟ್ಟೆಯ ಹೆಸರು, ಬಟ್ಟೆಯ ನಿಜ

ಜಾರ್ಜೆಟ್, ಕ್ರೇಪ್, ಸ್ಯಾಟಿನ್ ಇವು ನೇಯ್ಗೆಯ ಹೆಸರು, ನೂಲಿನ ಹೆಸರಲ್ಲ. ಅಗ್ಗದ ಬಟ್ಟೆಯಲ್ಲಿ ಮೂರೂ ಬಹುಪಾಲು ಪಾಲಿಯೆಸ್ಟರ್. "ಕಾಟನ್ ಬ್ಲೆಂಡ್" ಎಂದರೆ ಎಷ್ಟು ಶೇಕಡ ಕಾಟನ್ ಎಂದು ಬರೆಯದವರು ಕಾಟನ್ ಕಡಿಮೆ ಹಾಕಿದ್ದಾರೆಂದೇ ಲೆಕ್ಕ. "ಆರ್ಟ್ ಸಿಲ್ಕ್"ನಲ್ಲಿ ಕಲೆಯೇನೂ ಇಲ್ಲ, ಅದು ಕೃತಕ ರೇಷ್ಮೆ. ₹500ಕ್ಕೆ ಸಿಗುವ "ಕಾಂಜೀವರಂ", "ಬನಾರಸಿ", "ಲಿಚಿ ಸಿಲ್ಕ್" ಬಹುಪಾಲು ಸೂರತ್‌ನ ಪವರ್‌ಲೂಮ್ ಪಾಲಿಯೆಸ್ಟರ್. ಉಡಲು ಚೆನ್ನಾಗಿಯೇ ಇರಬಹುದು, ರೇಷ್ಮೆ ಎಂದು ಮಾತ್ರ ಕೊಳ್ಳಬೇಡಿ. ನಿಜ ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಲೇಬಲ್ ಇದೆ, ನಡೆಸುವುದು ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿಯ ಅಂಗಸಂಸ್ಥೆ. ಮೈಸೂರು ಸಿಲ್ಕ್ ಬೇಕಾದವರಿಗೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆಯೇ ಸರಿ.

ಕಾಟನ್‌ನಲ್ಲಿ ಆಗುವ ಮೋಸ ಗಂಜಿಯದು. ನೂಲು ವಿರಳವಾಗಿ ನೇಯ್ದ ಬಟ್ಟೆಗೆ ಗಂಜಿ ಜಾಸ್ತಿ ಹಾಕಿ ಇಸ್ತ್ರಿ ಮಾಡಿದರೆ ಪಾರ್ಸೆಲ್ ಬಿಚ್ಚಿದಾಗ ಗರಿಗರಿ, ಮೊದಲ ಒಗೆತಕ್ಕೆ ಜಾಳುಜಾಳು. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಗಟ್ಟಿಯಾಗಿ ಉಜ್ಜಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ, ಉಜ್ಜಿದ ಜಾಗ ಮೆತ್ತಗಾಗಿ ಬೆಳಕು ತೂರಿದರೆ, ಅದು ಗಂಜಿಯ ಬಲ. ನಿಮ್ಮ ಕೈಯನ್ನು ಬಟ್ಟೆಯ ಒಳಗಿಟ್ಟು ಟ್ಯೂಬ್‌ಲೈಟಿಗೆ ಹಿಡಿಯಿರಿ. ಬೆರಳಿನ ಗೆರೆ ಕಂಡರೆ ಲೈನಿಂಗ್ ಇಲ್ಲದೆ ಹೊರಗೆ ಹಾಕುವಂತಿಲ್ಲ.

ಕುಗ್ಗುವ ಲೆಕ್ಕ ಮೊದಲೇ ಹಾಕಿ. ಫ್ಯಾಕ್ಟರಿಯಲ್ಲೇ ಕುಗ್ಗಿಸದ ಕಾಟನ್ ಮೊದಲೆರಡು ಒಗೆತದಲ್ಲಿ ಶೇ 5ರಷ್ಟು ಕುಗ್ಗುವುದು ಮಾಮೂಲು, ಇನ್ನೂ ಹೆಚ್ಚಾದರೂ ಆಶ್ಚರ್ಯವಿಲ್ಲ. 46 ಇಂಚಿನ ಕುರ್ತಿ ಅಂದಾಜು 2¼ ಇಂಚು ಮೇಲೇರುತ್ತದೆ, 40 ಇಂಚಿನ ಎದೆ 38 ಆಗುತ್ತದೆ. ನೇಯುವಾಗ ಬಿಗಿಯಾಗಿ ಎಳೆದಿದ್ದ ನೂಲು ನೀರು ಕುಡಿದು ಸಡಿಲವಾಗಿ ಮೊದಲಿನ ಉದ್ದಕ್ಕೆ ಮರಳುವುದರಿಂದ ಹೀಗಾಗುತ್ತದೆ. ರೇಯಾನ್ ಅಂದರೆ ವಿಸ್ಕೋಸ್ ಕೂಡ ಕುಗ್ಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒದ್ದೆಯಾದಾಗ ಅದರ ನೂಲಿನ ಬಲ ಅರ್ಧದಷ್ಟು ಇಳಿಯುತ್ತದೆ. ರೇಯಾನ್ ಕುರ್ತಿಯನ್ನು ಬ್ರಷ್ ಹಾಕಿ ತಿಕ್ಕಿ, ಹಿಂಡಿ, ಕೊಡವಿ ಒಣಹಾಕಿದರೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಸಗಟು ವ್ಯಾಪಾರಿಗಳು "ರೇಯಾನ್ 14 ಕೆಜಿ" ಎನ್ನುವುದು ಬಟ್ಟೆಯ ತೂಕದ ಲೆಕ್ಕ. ಅಂಕಿ ಕಡಿಮೆಯಾದಷ್ಟೂ ಬಟ್ಟೆ ತೆಳು. ಪಾಲಿಯೆಸ್ಟರ್ ಕುಗ್ಗದು, ಬಣ್ಣ ಬಿಡದು. ಬೆವರನ್ನೂ ಹೀರದು, ಮಂಗಳೂರು, ಕಾರವಾರದ ಸೆಕೆಗೆ, ರಾಯಚೂರು, ಕಲಬುರಗಿಯ ಬೇಸಿಗೆಗೆ ಅದು ಶಿಕ್ಷೆ.

ಟೀ ಶರ್ಟ್‌ಗೆ ಜಿಎಸ್‌ಎಂ ನೋಡಿ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ. 140ರಿಂದ 160 ತೆಳು, ಬನಿಯನ್ನಿನ ಹತ್ತಿರ. 180 ದಿನಬಳಕೆಗೆ ಒಳ್ಳೆಯದು. 220, 240 ದಪ್ಪ, ಓವರ್‌ಸೈಜ್ಡ್‌ಗೆ ಸರಿ. ಇದನ್ನು ಬರೆಯದ ಮಾರಾಟಗಾರರು ಬಹುಪಾಲು ತೆಳುವಾದದ್ದನ್ನೇ ಮಾರುತ್ತಿರುತ್ತಾರೆ. ಮೂರು ಒಗೆತದ ನಂತರ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬರುವ ಟೀ ಶರ್ಟ್ ನೋಡಿರುತ್ತೀರಿ. ಅದು ಹೊಲಿಗೆಯ ತಪ್ಪಲ್ಲ. ಜಾಸ್ತಿ ಹುರಿ ಇರುವ ನೂಲಿನಿಂದ ಹೆಣೆದ ಬಟ್ಟೆಯನ್ನು ಸರಿಯಾಗಿ ಹದ ಮಾಡದೆ ಅಥವಾ ಬಟ್ಟೆ ಉಳಿಸಲು ಓರೆಯಾಗಿ ಕತ್ತರಿಸಿದ್ದರಿಂದ ಆಗುವುದು. ಇಸ್ತ್ರಿಯಿಂದ ಸರಿಹೋಗದು. ಹೊಸದರಲ್ಲೇ ಕೆಳ ಅಂಚನ್ನು ಜೋಡಿಸಿ ಹಿಡಿದಾಗ ಪಕ್ಕದ ಹೊಲಿಗೆ ನೇರ ಬೀಳದಿದ್ದರೆ ವಾಪಸ್ ಕಳಿಸಿ.

## ಯಾವ ಬಟ್ಟೆ ಎಲ್ಲಿಂದ

ದಿನನಿತ್ಯದ ಕುರ್ತಿಗೆ ಆ್ಯಪ್‌ಗಳ ಸ್ವಂತ ಬ್ರ್ಯಾಂಡ್, ಅದೂ ರಿಯಾಯಿತಿ ಸೇಲಿನಲ್ಲಿ, ನಮ್ಮ ಮೊದಲ ಆಯ್ಕೆ. ಸಣ್ಣ ಮಾರಾಟಗಾರರಿಂದ ಕೊಳ್ಳುವುದಾದರೆ ಎ-ಲೈನ್ ಅಥವಾ ಅನಾರ್ಕಲಿ ಮಾದರಿ ಆರಿಸಿ; ಕೆಳಗೆ ಅಗಲವಿರುವುದರಿಂದ ಎದೆಯೊಂದು ಸರಿಯಾದರೆ ಸಾಕು. ನೇರ ಕಟ್‌ನ ಕುರ್ತಿಯಲ್ಲಿ ಎದೆ, ಸೊಂಟ, ಸೀಟು ಮೂರೂ ಹೊಂದಬೇಕು. ಕುರ್ತಾ-ಪ್ಯಾಂಟ್-ದುಪಟ್ಟಾ ಸೆಟ್‌ನಲ್ಲಿ ಸಾಮಾನ್ಯವಾಗಿ ಕೈಕೊಡುವುದು ಪ್ಯಾಂಟು: ಮೇಲಿನದಕ್ಕಿಂತ ತೆಳು ಬಟ್ಟೆ, ಸೀಟಿನಲ್ಲಿ ಬಿಗಿ. ಸೆಟ್ಟಿನ ಬೆಲೆ ಕಡಿಮೆ ಮಾಡುವುದು ಅದರಲ್ಲೇ.

ಸೀರೆಗೆ ಸೈಜ್ ಇಲ್ಲ ಅನ್ನುವುದು ಸುಳ್ಳು. ಪೂರ್ತಿ ಸೀರೆ 5.5 ಮೀಟರ್, ಜೊತೆಗೆ 0.8 ಮೀಟರ್ ಬ್ಲೌಸ್ ಪೀಸ್, ಒಟ್ಟು 6.3. ಅಗ್ಗದವು 5.2 ಮೀಟರ್ ಬರುವುದುಂಟು. ಕೊರತೆಯ 30 ಸೆಂ.ಮೀ. ಎಂದರೆ ಹನ್ನೆರಡು ಇಂಚು, ಒಂದು ಅಗಲವಾದ ನೆರಿಗೆ ಹೋದಂತೆ. ಮೈಕಟ್ಟು ದೊಡ್ಡದಿರುವವರಿಗೆ ಸೆರಗೂ ಗಿಡ್ಡ. ಪನ್ನ, ಅಂದರೆ ಬಟ್ಟೆಯ ಅಗಲ, 44 ಇಂಚಿಗಿಂತ ಕಡಿಮೆಯಿದ್ದರೆ ಎತ್ತರದವರಿಗೆ ಹಿಮ್ಮಡಿ ಮೇಲೆ ನಿಲ್ಲುತ್ತದೆ. ಪುಟದಲ್ಲಿ ಉದ್ದ ಬರೆದಿದ್ದರೆ ಬಂದ ದಿನವೇ ಅಳೆಯಿರಿ, ಫಾಲ್ಸ್ ಮತ್ತು ಜಿಗ್‌ಜಾಗ್ ಹಾಕಿಸಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ರೆಡಿಮೇಡ್ ಬ್ಲೌಸ್ ಬಗ್ಗೆ ಹೇಳುವುದೇನೂ ಇಲ್ಲ: ಹಿಗ್ಗುವ ಲೈಕ್ರಾ ಬ್ಲೌಸ್ ಆದರೆ ಆನ್‌ಲೈನ್, ಮಿಕ್ಕಿದ್ದಕ್ಕೆಲ್ಲ ಟೈಲರ್.

ಜೀನ್ಸ್ ಅಂಗಡಿಯಲ್ಲಿ ಹಾಕಿ ನೋಡಿಯೇ ಕೊಳ್ಳುವುದು ಮೇಲು. ಬಳ್ಳಾರಿ ಸುತ್ತಮುತ್ತಲಿನವರಿಗೆ ಅಲ್ಲಿನ ಜೀನ್ಸ್ ಘಟಕಗಳ ಸರಕು ಅಂಗಡಿಗಳಲ್ಲೇ ಸಿಗುತ್ತದೆ, ಆನ್‌ಲೈನ್ ಅಗತ್ಯವೇ ಇಲ್ಲ. ತರಿಸುವುದಾದರೆ ಶೇ 98 ಕಾಟನ್, ಶೇ 2 ಎಲಾಸ್ಟೇನ್ (ಲೈಕ್ರಾದಂಥ ಹಿಗ್ಗುವ ನೂಲು) ಇರುವುದು ಸುರಕ್ಷಿತ, ಒಂದಿಂಚು ಹೆಚ್ಚು ಕಡಿಮೆಯಾದರೂ ಹೊಂದಿಕೊಳ್ಳುತ್ತದೆ. ಪಾಲಿಯೆಸ್ಟರ್ ಜಾಸ್ತಿ ಇರುವ ತೆಳು ಡೆನಿಮ್ ಮೊಣಕಾಲಲ್ಲಿ ಉಬ್ಬಿ ನಿಲ್ಲುತ್ತದೆ. ಎಲಾಸ್ಟೇನ್ ಬಿಸಿಗೆ ಸಾಯುತ್ತದೆ, ಹಾಗಾಗಿ ಬಿಸಿನೀರು, ಡ್ರೈಯರ್, ಕಾದ ಇಸ್ತ್ರಿ ಬೇಡ.

ಫಾರ್ಮಲ್ ಪ್ಯಾಂಟು, ಷರ್ಟು ವರ್ಷಗಟ್ಟಲೆ ಹಾಕುವವರಿಗೆ ಬಟ್ಟೆ ಕೊಂಡು ಹೊಲಿಸುವುದೇ ಲಾಭ. 58 ಇಂಚು ಪನ್ನದಲ್ಲಿ ಷರ್ಟಿಗೆ 1.6 ಮೀಟರ್, 36 ಇಂಚು ಪನ್ನದಲ್ಲಿ 2.25 ಮೀಟರ್ ಬೇಕು. ಕುರ್ತಿಗೆ 44 ಇಂಚಿನಲ್ಲಿ ಸುಮಾರು 2.5 ಮೀಟರ್. ಚಿಕ್ಕಪೇಟೆಯಲ್ಲೋ ನಿಮ್ಮೂರಿನ ಜವಳಿ ಅಂಗಡಿಯಲ್ಲೋ ಕೊಂಡ ಕಾಟನ್ ಬಟ್ಟೆಯನ್ನು ಟೈಲರ್‌ಗೆ ಕೊಡುವ ಮುನ್ನ ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಒಳಗೆ ಒಂದಿಂಚು ಮಾರ್ಜಿನ್ ಬಿಡಲು ಬಾಯಿಬಿಟ್ಟು ಹೇಳಿ. ಟೈಲರ್‌ನ ದೊಡ್ಡ ದೋಷ ಸಮಯ: ಗೌರಿ-ಗಣೇಶ, ದಸರಾ, ದೀಪಾವಳಿ, ಮದುವೆ ಸೀಸನ್‌ನಲ್ಲಿ "ನಾಳೆ ಬನ್ನಿ ಮೇಡಂ" ಶುರುವಾಗುತ್ತದೆ. ಹಬ್ಬಕ್ಕೆ ಒಂದು ತಿಂಗಳು ಮುಂಚೆ ಕೊಡಿ.

ಒಂದು ಸಲ ಹಾಕಿ ಫೋಟೊ ತೆಗೆಸಿಕೊಂಡು ಮಡಿಸಿಡುವ ಪಾರ್ಟಿ ಡ್ರೆಸ್, ಮಕ್ಕಳ ಫ್ಯಾನ್ಸಿ ಡ್ರೆಸ್ ಸ್ಪರ್ಧೆಯ ವೇಷ, ಹಳದಿ ಶಾಸ್ತ್ರಕ್ಕೆ ಎಲ್ಲರಿಗೂ ಒಂದೇ ಬಣ್ಣದ್ದು ಬೇಕಾದಾಗ, ಅತ್ಯಂತ ಅಗ್ಗದ ಆನ್‌ಲೈನ್ ಬಟ್ಟೆಯೇ ಸರಿ. ಅದಕ್ಕೆ ಗುಣಮಟ್ಟ ಹುಡುಕುತ್ತ ಕೂರುವುದು ವ್ಯರ್ಥ. ಒಳ ಉಡುಪನ್ನು ಬಹುತೇಕ ಆ್ಯಪ್‌ಗಳು ವಾಪಸ್ ಪಡೆಯುವುದಿಲ್ಲ, ಗೊತ್ತಿರುವ ಬ್ರ್ಯಾಂಡ್, ಗೊತ್ತಿರುವ ಸೈಜ್ ಬಿಟ್ಟು ಬೇರೆ ಪ್ರಯೋಗ ಬೇಡ.

## ಪಾರ್ಸೆಲ್ ಬಂದಾಗ, ಟ್ಯಾಗ್ ಕೀಳುವ ಮುನ್ನ

ಹಾಕಿ ನೋಡುವುದಕ್ಕೂ ಮೊದಲು ಟೇಪ್ ತೆಗೆಯಿರಿ. ಎದೆ, ಭುಜ, ಉದ್ದ ಅಳೆದು ಚಾರ್ಟ್ ಜೊತೆ ಹೋಲಿಸಿ. ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಟೇಪ್ ಕಾಣುವಂತೆ ಫೋಟೊ ತೆಗೆದು, ಆ್ಯಪ್‌ನ ಚಾರ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇದರ ಪ್ರಯೋಜನ ದೊಡ್ಡದು: "ನನಗೆ ಸೈಜ್ ಆಗಲಿಲ್ಲ" ಎಂದರೆ ಅದು ನಿಮ್ಮ ಸಮಸ್ಯೆ, "ಚಾರ್ಟಿನಲ್ಲಿ 42, ಬಂದದ್ದು 39½" ಎಂದರೆ ಅದು ವಿವರಣೆಗೆ ಹೊಂದದ ವಸ್ತು. ದೋಷಕ್ಕೆ ಮಾತ್ರ ವಾಪಸ್ ಎಂಬ ಷರತ್ತಿನಲ್ಲಿ ಕೊಂಡಾಗಲೂ ಎರಡನೆಯದು ನಿಲ್ಲುತ್ತದೆ. ವಾಪಸಿನ ಕಾರಣ ಆರಿಸುವಾಗ ಇದನ್ನು ನೆನಪಿಡಿ. ಟ್ಯಾಗಿನಲ್ಲೂ ಎಸ್, ಎಂ, ಎಲ್ ಜೊತೆ ಸೆಂಟಿಮೀಟರ್ ಅಳತೆ, ತಯಾರಕರ ಹೆಸರು, ಗ್ರಾಹಕ ಸಂಪರ್ಕ ಇರಬೇಕು ಎನ್ನುತ್ತದೆ ತೂಕ, ಅಳತೆಗೆ ಸಂಬಂಧಿಸಿದ ಕಾನೂನು ಮಾಪನಶಾಸ್ತ್ರದ ನಿಯಮ.

ಆಮೇಲೆ ಬಟ್ಟೆಯನ್ನು ಒಳಹೊರಗು ಮಾಡಿ. ಒಂದು ಇಂಚಿನಲ್ಲಿ ಹೊಲಿಗೆ ಎಷ್ಟಿದೆ ಎಣಿಸಿ: 10ರಿಂದ 12 ಇದ್ದರೆ ಒಳ್ಳೆಯದು, 6–7 ಇದ್ದರೆ ಎಳೆದಾಗ ನಡುವೆ ಬಾಯಿಬಿಡುತ್ತದೆ. ಪಕ್ಕದಲ್ಲಿ ಓವರ್‌ಲಾಕ್ (ಅಂಚನ್ನು ಸುತ್ತಿ ಹಾಕುವ ಹೊಲಿಗೆ) ಮಾತ್ರ ಇದ್ದು ಮಾರ್ಜಿನ್ ಇಲ್ಲದಿದ್ದರೆ ಲೂಸ್ ಮಾಡಿಸುವ ಆಸೆ ಬಿಡಿ. ಎರಡು ಹೆಬ್ಬೆರಳಿನಿಂದ ಹೊಲಿಗೆಯ ಎರಡೂ ಪಕ್ಕ ಎಳೆಯಿರಿ. ನೂಲು ಸರಿದು ಏಣಿಯಂತೆ ಸಂದು ಕಾಣಿಸಿದರೆ ಅದು ಕೆಲವೇ ದಿನದ ಬಟ್ಟೆ. ಜಿಪ್ಪನ್ನು ಐದಾರು ಸಲ ಎಳೆದು ನೋಡಿ. ಬಿಳಿ ಕರವಸ್ತ್ರ ಒದ್ದೆ ಮಾಡಿ ಒಳಭಾಗದ ಹೊಲಿಗೆಯ ಮೇಲೆ ಹತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ, ಬಿಳಿ ಪೈಪಿಂಗ್ ಅಥವಾ ಬಿಳಿ ಕಸೂತಿ ಇರುವ ಬಟ್ಟೆಯಾದರೆ ಇಟ್ಟುಕೊಳ್ಳಬೇಡಿ, ಒಗೆದ ದಿನ ಬಿಳಿಯೆಲ್ಲ ಗುಲಾಬಿಯಾಗುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದು ಮನೆಮಾತು. ಸಡಿಲವಾಗಿ ಹತ್ತಿದ ಬಣ್ಣವನ್ನು ಉಪ್ಪು ಹಿಡಿದಿಡಲಾರದು.

ಹಾಕಿ ನೋಡುವಾಗ ಕನ್ನಡಿ ಮುಂದೆ ನಿಂತರೆ ಸಾಲದು. ಕುರ್ಚಿಯಲ್ಲಿ ಕೂರಿ, ಕೈ ಎತ್ತಿ, ಸ್ಕೂಟರ್ ಹ್ಯಾಂಡಲ್ ಹಿಡಿದಂತೆ ಕೈ ಮುಂದೆ ಚಾಚಿ. ಬೆನ್ನು ಬಿಗಿದರೆ ಭುಜ ಚಿಕ್ಕದು.

ರಿವ್ಯೂ ಓದುವುದು ಕೊಳ್ಳುವ ಮೊದಲಿನ ಕೆಲಸ. ಐದು ಸ್ಟಾರ್ ಮತ್ತು ಒಂದು ಸ್ಟಾರ್ ಬಿಟ್ಟು ಎರಡು, ಮೂರು ಸ್ಟಾರಿನವನ್ನು ಓದಿ. "ಬಣ್ಣ ಚೆನ್ನಾಗಿದೆ, ತೋಳು ಬಿಗಿ" ಎಂಬಂಥ ಕೆಲಸಕ್ಕೆ ಬರುವ ಮಾತು ಅಲ್ಲಿರುತ್ತದೆ. ಗ್ರಾಹಕರು ಹಾಕಿದ ಫೋಟೊ ಮಾತ್ರ ನೋಡಿ.

## ವಾಪಸ್ ತೆಗೆದುಕೊಳ್ಳದಿದ್ದರೆ

2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೋಷವಿರುವ, ನಕಲಿ, ಅಥವಾ ಪುಟದಲ್ಲಿ ಹೇಳಿದ ಗುಣಗಳಿಲ್ಲದ ವಸ್ತುವನ್ನು ಮಾರಾಟಗಾರರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ದೂರು ಅಧಿಕಾರಿಯ ವಿವರ ಆ್ಯಪ್‌ನಲ್ಲಿ ಇರಲೇಬೇಕು. 48 ಗಂಟೆಯಲ್ಲಿ ದೂರು ಬಂದಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಮಳಿಗೆಯ ಬಿಲ್ಲಿನ ಮೇಲೆ "ಮಾರಿದ ವಸ್ತು ವಾಪಸ್ ಇಲ್ಲ" ಎಂದು ಮುದ್ರಿಸಿದ್ದರೂ ದೋಷವಿರುವ ಬಟ್ಟೆಗೆ ಅದು ಅನ್ವಯಿಸದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನದೊಳಗೆ ದೋಷವಿರುವ ವಸ್ತು ವಾಪಸ್ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಇದೆಲ್ಲ ದೋಷಕ್ಕೆ. ಬಣ್ಣ ಮನಸ್ಸಿಗೆ ಬರಲಿಲ್ಲ, ಮನೆಯವರು ಬೇಡ ಅಂದರು ಎಂಬುದಕ್ಕೆ ಕಾನೂನಿನ ಬೆಂಬಲವಿಲ್ಲ, ಅಲ್ಲಿ ಅಂಗಡಿಯ ನಿಯಮವೇ ಅಂತಿಮ.

ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಇ-ಜಾಗೃತಿ ಪೋರ್ಟಲ್ ಮೂಲಕ ದೂರು ಸಲ್ಲಿಸಬಹುದು. ವಸ್ತುವಿನ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಮೇಲೆ ಕಾಣುವ ನಂಬರ್‌ಗಳಲ್ಲಿ ಮೋಸಗಾರರದ್ದೂ ಇರುತ್ತವೆ. ರೀಫಂಡ್ ಕೊಡುತ್ತೇವೆಂದು ಯುಪಿಐ ಪಿನ್ ಹಾಕಿಸುತ್ತಾರೆ. ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಆ್ಯಪ್‌ನೊಳಗಿನ ಸಹಾಯ ವಿಭಾಗದಿಂದಲೇ ಮಾತಾಡಿ, ಚಾಟ್‌ನ ಸ್ಕ್ರೀನ್‌ಶಾಟ್ ಇಡಿ, ಪಿಕಪ್‌ಗೆ ಬಂದವರು ಸ್ಕ್ಯಾನ್ ಮಾಡಿ ರಸೀದಿ ಸಂದೇಶ ಬಂದ ಮೇಲೆಯೇ ಬಟ್ಟೆ ಕೈಬಿಡಿ.